ಬೀಗದ ಪೆಟ್ಟಿಗೆಯೊಳಗಿನ ಕರಡಿಗೆ

ಬಸ್ಸು ಮುಂಬೈ ಹೊರವಲಯದ ಶಿಳ್‌ಫಾಟಾ ದಾಟುವ ಮೊದಲೇ ಕಾಶವ್ವನ ಕೊರಳಿನಿಂದ ಲಿಂಗ ಜಾರಿಹೋಗಿತ್ತು. ಅದು ಅವಳಿಗೆ ತಿಳಿಯಲು ಇನ್ನೂ ಒಂದು ಗಂಟೆ ಬೇಕಿತ್ತು.

ಅವಳು ಹುಟ್ಟಿದ ಹನ್ನೊಂದನೆಯ ದಿನ ತಾಯಿ ಕಟ್ಟಿಸಿದ ಲಿಂಗ ಅದು. ಈಗ ಅವಳಿಗೆ ಅರವತ್ತೆಂಟು. ಲಿಂಗವಿದ್ದದ್ದು ಬೆಳ್ಳಿಯ ಕರಡಿಗೆಯಲ್ಲಿ, ಅಂದರೆ ಪಾರಿವಾಳದ ಮೊಟ್ಟೆಯಷ್ಟು ದೊಡ್ಡದಾದ ಒಂದು ಪುಟ್ಟ ಭರಣಿಯಲ್ಲಿ. ಅದನ್ನು ಪೋಣಿಸಿದ್ದ ಶಿವದಾರ ಹಳೆಯದಾಗಿತ್ತು. ಹೊಸದು ಹಾಕಿಕೊಳ್ಳಬೇಕೆಂದು ಎರಡು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದಳು. ಆ ಭಾನುವಾರದ ಬೆಳಿಗ್ಗೆ ಗಂಟು ಸಡಿಲಾಗಿ, ದಾರ ಸೆರಗಿನಲ್ಲಿ ಉಳಿದು, ಕರಡಿಗೆ ಮಾತ್ರ ಸೀಟಿನ ಮೇಲೆ ಬಿತ್ತು. ಚಾಲಕ ಬ್ರೇಕ್ ಹಾಕಿದ. ಅದು ಉರುಳಿ ಮುಂದಿನ ಸೀಟಿನ ಅಡಿಗೆ ಹೋಯಿತು.

ಮುಂದಿನ ಸೀಟಿನಲ್ಲಿ ಕುಳಿತಿದ್ದವರು ಡೊಂಬಿವಲಿಯ ಅಕ್ಕು ಮತ್ತು ಅವರ ಮೊಮ್ಮಗಳು ದಿಶಾ. ಅಕ್ಕು ಉಡುಪಿ ಕಡೆಯವರು. ಮಗ ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಿದ್ದ. ದಿಶಾಗೆ ಕಾಲೇಜು, ಕಿವಿಗೆ ಇಯರ್‌ಫೋನು, ಕಣ್ಣ ತುಂಬ ನಿದ್ದೆ. ಪಾದಕ್ಕೆ ಏನೋ ತಣ್ಣಗೆ ತಾಗಿದಾಗ ಅವಳು ಬಗ್ಗಿ ಎತ್ತಿಕೊಂಡಳು. ಬೆಳ್ಳಿಯ ಚಿಕ್ಕ ಡಬ್ಬಿ. ಅಜ್ಜಿಯ ಸುಣ್ಣದ ಡಬ್ಬಿಯೂ ಬೆಳ್ಳಿಯದೇ, ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು. ಅಜ್ಜಿ ಮತ್ತೆ ಬೀಳಿಸಿಕೊಂಡರು ಎಂದುಕೊಂಡು, ಅವರ ಮಡಿಲಿನಲ್ಲಿದ್ದ ಎಲೆಯಡಿಕೆ ಚೀಲದೊಳಗೆ ಕೈ ತೂರಿಸಿ ಹಾಕಿ, ಮತ್ತೆ ಕಣ್ಣು ಮುಚ್ಚಿದಳು. ಅಕ್ಕು ಆಗ ಕಿಟಕಿಯ ಆಚೆ ನೋಡುತ್ತಿದ್ದರು.

ಇದನ್ನು ಕಂಡವರು ಯಾರೂ ಇರಲಿಲ್ಲ.

ಬೇಲಾಪುರದ ಪಾರ್ಸಿಕ್ ಬೆಟ್ಟದ ಮೇಲೆ ಬಸ್ಸು ನಿಂತಾಗ ಏಳೂವರೆ. ಮಾರ್ಗದರ್ಶಿ ಮಾನಸಿ ಬಾಗಿಲಲ್ಲಿ ಒಂದು ಉಕ್ಕಿನ ಪೆಟ್ಟಿಗೆ ಹಿಡಿದು ನಿಂತಳು. ಅವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಇಪ್ಪತ್ತಾರರ ಹುಡುಗಿ; ಕನ್ನಡ ಬಳಗದ ಪ್ರವಾಸವನ್ನು ಒಬ್ಬಳೇ ನಡೆಸುತ್ತಿರುವುದು ಇದೇ ಮೊದಲು. ಹಿಂದಿನ ಸಲ ಯಾರೋ ದೇವಸ್ಥಾನದ ಮೆಟ್ಟಿಲ ಮೇಲೆ ಕೆಂಪಗೆ ಉಗುಳಿ ಇಡೀ ಬಳಗಕ್ಕೆ ಬೈಗುಳ ತಿನ್ನಿಸಿದ್ದರು. ಆದ್ದರಿಂದ ಈ ಸಲ ನಿಯಮ: ಎಲೆ, ಅಡಿಕೆ, ತಂಬಾಕು ಎಲ್ಲವೂ ಪೆಟ್ಟಿಗೆಯೊಳಗೆ, ಕೊನೆಯ ದೇವಸ್ಥಾನ ಮುಗಿದ ಮೇಲೆ ವಾಪಸು. ಠಾಣೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಯೋಗೀಶ್ ತನ್ನ ತಂಬಾಕಿನ ಪೊಟ್ಟಣವನ್ನು ಹಾಕಿದ. ಅಕ್ಕು ತಮ್ಮ ಚೀಲವನ್ನು ಎದೆಗವಚಿಕೊಂಡರು.

“ಎಂತ ಮಗಾ, ಅರುವತ್ತು ವರ್ಷದಿಂದ ತಿನ್ನುವ ಬಾಯಿಗೆ ಬೀಗ ಹಾಕ್ತೀಯಾ? ನನ್ನ ಅತ್ತೆಗೇ ಆಗದ ಕೆಲಸ ಇದು.”

ಕೊನೆಗೆ ಕೊಟ್ಟರು. ಮಾನಸಿ ಬೀಗ ಹಾಕಿ, ಗುರುತಿನ ಚೀಟಿಯ ಪಟ್ಟಿಗೆ ಬೀಗದ ಕೈ ಸಿಕ್ಕಿಸಿ, ತನ್ನ ಕೊರಳಿಗೇ ತೂಗುಹಾಕಿಕೊಂಡಳು. ಪೆಟ್ಟಿಗೆ ಚಾಲಕನ ಪಕ್ಕದಲ್ಲಿ ಕುಳಿತಿತು.

ಬೆಟ್ಟದ ಮೇಲೆ ಗಾಳಿ ಚೆನ್ನಾಗಿತ್ತು. ಕೆಳಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹರವು ತವರದ ತಗಡಿನಂತೆ ಮಿನುಗುತ್ತಿತ್ತು. ದೂರದಲ್ಲಿ ಕಾಮೋಠೆಯ ಕಟ್ಟಡಗಳು ಮಂಜಿನಿಂದ ಒಂದೊಂದಾಗಿ ತಲೆ ಎತ್ತುತ್ತಿದ್ದವು. ಇಪ್ಪತ್ತೊಂದು ಜನ ತಮ್ಮ ತಮ್ಮ ಮನೆಗಳಿರುವ ದಿಕ್ಕನ್ನು ಬೆರಳಿಟ್ಟು ತೋರಿಸಿ, ಅದರ ಬಗ್ಗೆ ಜಗಳವಾಡಿ, ಫೋಟೊ ತೆಗೆದರು. ಕಾಶವ್ವ ಮಾತ್ರ ನೀರಿನ ತಂಬಿಗೆ ಹಿಡಿದು ಮರದ ಆಚೆಗೆ ಹೋದಳು. ಇಡೀ ಬಸ್ಸಿಗೆ ಸಾಲುವಷ್ಟು ಜೋಳದ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ ಅಂದು ಮನೆಯಲ್ಲಿ ಪೂಜೆ ಆಗಿರಲಿಲ್ಲ; ಬೆಟ್ಟದ ಮೇಲೆ ಮಾಡಿಕೊಳ್ಳುತ್ತೇನೆ ಎಂದಿದ್ದಳು. ಪೂಜೆಯಾಗದೆ ಅವಳು ನೀರನ್ನೂ ಮುಟ್ಟುವವಳಲ್ಲ.

ಕುಳಿತು ಕೊರಳಿಗೆ ಕೈ ಹಾಕಿದಳು. ಬಂದದ್ದು ಬರೀ ದಾರ.

ಐದು ನಿಮಿಷದ ಮೇಲೆ ಅವಳ ಗಂಡ ಬಸಲಿಂಗಪ್ಪ ಮಾನಸಿಯನ್ನು ಪಕ್ಕಕ್ಕೆ ಕರೆದರು. ಗದಗದಿಂದ ಬಂದು ಕಲ್ಯಾಣದಲ್ಲಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದ ಮನುಷ್ಯ. ಮಾತಿಗೆ ಎಂದೂ ತಡವರಿಸಿದವರಲ್ಲ. ಈಗ ತಡವರಿಸಿದರು. ವಿಷಯ ತಿಳಿದ ಕೂಡಲೇ ಮಾನಸಿ ಎಲ್ಲರನ್ನೂ ಕರೆದು ಹುಡುಕಿಸೋಣ ಎಂದಳು. ಕಾಶವ್ವ ಅವಳ ಮುಂಗೈ ಹಿಡಿದುಕೊಂಡಳು.

“ಯಾರಿಗೂ ಹೇಳಬ್ಯಾಡವ್ವಾ. ನಾ ಉಪಾಸ ಅದೀನಿ ಅಂತ ಗೊತ್ತಾದ್ರ, ನಾ ಮಾಡಿದ ರೊಟ್ಟಿ ಒಬ್ಬರ ಗಂಟಲಾಗೂ ಇಳಿಯಂಗಿಲ್ಲ. ಮಂದಿ ಖುಷಿಲೆ ಬಂದಾರ.”

ಮಾನಸಿ ಒಪ್ಪಿದಳು. ಅದು ಎಂಥ ದುಬಾರಿ ಒಪ್ಪಿಗೆಯೆಂದು ಆಗ ಅವಳಿಗೆ ತಿಳಿಯಲಿಲ್ಲ. ಮೂವರೂ ಹುಲ್ಲಿನಲ್ಲಿ ಹುಡುಕಿದರು. ಆಮೇಲೆ ಅವಳು ಖಾಲಿ ಬಸ್ಸು ಹತ್ತಿ, ಮೊಬೈಲಿನ ಬೆಳಕು ಹಾಯಿಸಿ, ಮೊಣಕಾಲೂರಿ ಪ್ರತಿ ಸೀಟಿನ ಅಡಿಯನ್ನೂ ನೋಡಿದಳು. ಚಾಲಕನ ಬಳಿಯಿದ್ದ ಉಕ್ಕಿನ ಪೆಟ್ಟಿಗೆಯನ್ನೂ ಎರಡೂ ಕೈಗಳಿಂದ ಎತ್ತಿ, ಅದರ ಕೆಳಗೆ ನೋಡಿ, ಮೊದಲಿದ್ದಲ್ಲೇ ಇಟ್ಟಳು.

ಹೊರಗೆ ಕಾಶವ್ವ ರೊಟ್ಟಿ ಹಂಚುತ್ತಿದ್ದಳು. ಮೇಲೆ ಶೇಂಗಾ ಚಟ್ನಿ, ಒಂದು ಚಮಚ ಗಟ್ಟಿ ಮೊಸರು. ಅಕ್ಕು ಎರಡು ರೊಟ್ಟಿ ಮುಗಿಸಿ, ನಿಮ್ಮದೆಲ್ಲಿ ಎಂದು ಕೇಳಿದರು. ಆಮೇಲೆ ತಿನ್ನುತ್ತೇನೆ ಎಂದಳು ಕಾಶವ್ವ. ಏನಾದರೂ ವ್ರತವೇ ಎಂದಾಗ ಸುಮ್ಮನೆ ತಲೆಯಾಡಿಸಿದಳು. ಅಕ್ಕುಗೆ ಅವಳ ಮೇಲೆ ಗೌರವ ಬಂತು. ಬೆನ್ನಿಗೇ ತಮ್ಮ ಎಲೆಯ ನೆನಪೂ ಬಂತು.

ಖಿಡಕಾಳಿಯ ಶಿವಾಲಯಕ್ಕೆ ಬಂದಾಗ ಹತ್ತು ಗಂಟೆ. ಬಿಸಿಲು ಏರಿತ್ತು. ಮಾನಸಿ ಕೆರೆಯನ್ನೂ ಗುಡಿಯನ್ನೂ ತೋರಿಸುತ್ತ, ಹಳೆಯ ಕಲ್ಲುಗಳ ಕಥೆ ಹೇಳುತ್ತಿದ್ದಳು. ಕಣ್ಣು ಮಾತ್ರ ಪದೇ ಪದೇ ಮರದ ಕೆಳಗೆ ಹೋಗುತ್ತಿತ್ತು. ಕಾಶವ್ವ ಒಳಗೆ ಬಂದಿರಲಿಲ್ಲ. ಮೈಮೇಲೆ ಲಿಂಗವಿಲ್ಲದೆ ಶಿವನ ಮುಂದೆ ಹೇಗೆ ನಿಲ್ಲಲಿ ಎಂದು ಕಟ್ಟೆಯ ಮೇಲೆ ಕುಳಿತಿದ್ದಳು. ತುಟಿ ಒಣಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ಬಸಲಿಂಗಪ್ಪನವರ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಊಟವಿಲ್ಲದೆ ಅದನ್ನು ನುಂಗುವಂತಿಲ್ಲ. ಊರಿನ ಸ್ವಾಮಿಗಳಿಗೆ ಫೋನ್ ಮಾಡಿ ಹೊಸ ಲಿಂಗದ ಮಾತು ಎತ್ತಲೇ ಎಂದು ಅವರು ಕೇಳಿದ್ದರು.

“ನಮ್ಮವ್ವನ ಕೈ ಹತ್ತಿದ್ದು ಅದು ಒಂದ ಅದ,” ಎಂದಿದ್ದಳು ಅವಳು. ಅವರು ಫೋನನ್ನು ಮತ್ತೆ ಜೇಬಿಗಿಟ್ಟರು.

ಅಷ್ಟರಲ್ಲಿ ಅಕ್ಕು ಬಸ್ಸಿನ ಬಳಿ ಮಾನಸಿಯನ್ನು ಹಿಡಿದು ನಿಲ್ಲಿಸಿದರು. ಒಂದೇ ಒಂದು ಎಲೆ, ಒಂದು ಚೂರು ಅಡಿಕೆ. ಉಗುಳುವುದಿಲ್ಲ, ನುಂಗುತ್ತೇನೆ ಎಂದು ಗೋಗರೆದರು. ಮಾನಸಿಯ ಮನಸ್ಸು ಎಲ್ಲೋ ಇತ್ತು. ವಾದ ಮಾಡುವ ಶಕ್ತಿ ಇರಲಿಲ್ಲ. ಬಸ್ಸು ಹತ್ತಿ ಬೀಗಕ್ಕೆ ಕೀಲಿ ಹಾಕಿದಳು. ಅರ್ಧ ತಿರುಗಿಸಿದಳು.

“ಹಾಗಾದ್ರೆ ನನ್ನ ತಂಬಾಕು ಪುಡಿನೂ ಕೊಡಿ ಮ್ಯಾಡಮ್,” ಎಂದ ಹಿಂದಿನಿಂದ ಯೋಗೀಶ್. “ರೂಲ್ ಸಬ್‌ಕೆ ಲಿಯೇ, ಎಲ್ಲರಿಗೂ ಸೇಮ್ ಅಲ್ವಾ?”

ಮಾನಸಿ ಕೀಲಿಯನ್ನು ಹಿಂದಕ್ಕೆ ತಿರುಗಿಸಿ ತೆಗೆದುಬಿಟ್ಟಳು. ಅಕ್ಕು ಯೋಗೀಶನನ್ನು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಈಗ ಮಾನಸಿ ನಿರ್ಧರಿಸಲೇಬೇಕಾಗಿತ್ತು. ಮುಂದೆ ಹೋಗಿ ಕಾಟಯಿ ನಾಕಾದಲ್ಲಿ ಬಲಕ್ಕೆ ಹೊರಳಿದರೆ ಅಂಬರನಾಥ. ಒಂಬೈನೂರು ವರ್ಷಕ್ಕೂ ಹಳೆಯ ಆ ಗುಡಿಗಾಗಿಯೇ ಎಲ್ಲರೂ ಬಂದಿದ್ದರು. ಹಿಂದಕ್ಕೆ ಹೊರಳಿದರೆ ಬೆಟ್ಟ. ಹುಲ್ಲಿನಲ್ಲಿ ಎಲ್ಲೋ ಒಂದು ಬೆಳ್ಳಿಯ ಮೊಟ್ಟೆ, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮರದ ಕೆಳಗೆ ಕಾಶವ್ವ ಏಳಲು ಹೋಗಿ, ಗಂಡನ ಭುಜ ಹಿಡಿದು ಮತ್ತೆ ಕುಳಿತದ್ದನ್ನು ಅವಳು ಕಂಡಳು. ಅಷ್ಟು ಸಾಕಾಯಿತು.

ಎಲ್ಲರೂ ಬಸ್ಸು ಹತ್ತಿದ ಮೇಲೆ ಅವಳು ಎದ್ದುನಿಂತು, ಬಸ್ಸು ಬೆಟ್ಟಕ್ಕೆ ಹಿಂತಿರುಗಲಿದೆ, ಅಂಬರನಾಥ ಇವತ್ತು ಆಗಲಿಕ್ಕಿಲ್ಲ, ಕಾರಣ ಕೇಳಬೇಡಿ ಎಂದಳು.

ಗದ್ದಲವೆದ್ದಿತು. ನೋಡಿದ ಬೆಟ್ಟವನ್ನೇ ಮತ್ತೆ ನೋಡುವುದಕ್ಕೆ ಭಾನುವಾರ ಹಾಳು ಮಾಡಬೇಕೇ ಎಂದು ಒಬ್ಬರು ಕೇಳಿದರು. ಮಾರ್ಗದರ್ಶಿ ತನ್ನದೇನನ್ನೋ ಅಲ್ಲಿ ಮರೆತು ಬಂದಿರಬೇಕು ಎಂದು ಇನ್ನೊಬ್ಬರು ಗೊಣಗಿದರು. ಬಳಗದ ಕಾರ್ಯದರ್ಶಿಗೆ ಈಗಲೇ ಫೋನ್ ಹಚ್ಚುತ್ತೇನೆ ಎಂದು ಯೋಗೀಶ್ ಮೊಬೈಲು ತೆಗೆದ. ಕಾರಣ ಕೇಳಬೇಡಿ ಎಂದು ಮಾನಸಿ ಇನ್ನೊಮ್ಮೆ ಹೇಳಿದಳು, ಮಾತು ಕೊಟ್ಟಿದ್ದಳಲ್ಲ.

ಕಾಶವ್ವ ಎದ್ದಳು.

“ಆ ಹುಡುಗಿಗೆ ಅನಬ್ಯಾಡ್ರಿ. ತಪ್ಪು ನಂದು. ನನ್ನ ಲಿಂಗ ಕಳದೈತಿ. ಇಷ್ಟ ಬೆಳ್ಳಿ ಕರಡಿಗಿ,” ಎಂದು ಹೆಬ್ಬೆರಳು ತೋರುಬೆರಳು ಸೇರಿಸಿ ಗಾತ್ರ ತೋರಿಸಿದಳು. “ನಾನ ಹೇಳಬ್ಯಾಡ ಅಂದಿದ್ದೆ. ಪೂಜಿ ಆಗಿಲ್ಲ, ಅದಕ್ಕ ಬಾಯಾಗ ನೀರು ಹಾಕಿಲ್ಲ.”

ಬಸ್ಸು ನಿಶ್ಶಬ್ದವಾಯಿತು. ಅವಳು ಹೆದರಿದಂತೆಯೇ ಆಯಿತು: ಎರಡು, ಮೂರು ರೊಟ್ಟಿ ತಿಂದವರೆಲ್ಲ ತಲೆ ತಗ್ಗಿಸಿದರು. ಯೋಗೀಶ್ ಮೊಬೈಲನ್ನು ಜೇಬಿಗೆ ಹಾಕಿದ.

ಆ ನಿಶ್ಶಬ್ದವೇ ದಿಶಾಳನ್ನು ಎಚ್ಚರಿಸಿತು. ಅವಳು ಒಂದು ಇಯರ್‌ಫೋನು ತೆಗೆದು, ಬೆಳ್ಳಿ ಕರಡಿಗೆ ಕಳೆದಿದೆಯಂತೆ ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿ, ಕಾಶವ್ವನ ಬೆರಳುಗಳು ಇನ್ನೂ ಗಾಳಿಯಲ್ಲಿ ಹಿಡಿದಿದ್ದ ಆಕಾರವನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಆಮೇಲೆ ಪೆಟ್ಟಿಗೆಯನ್ನು.

“ಅಜ್ಜಿ… ವೋ ಚೂನೇಕಾ ಡಬ್ಬಾ ನಹೀ ಥಾ ಕ್ಯಾ?” ಎಂದಳು. ಬೆಳಿಗ್ಗೆ ಕಾಲ ಬಳಿ ಸಿಕ್ಕಿದ್ದನ್ನು ಅಜ್ಜಿಯ ಸುಣ್ಣದ ಡಬ್ಬಿ ಎಂದುಕೊಂಡು ಎಲೆಯ ಚೀಲಕ್ಕೆ ತಾನೇ ಹಾಕಿದ್ದನ್ನು ಹಿಂದಿಯಲ್ಲಿ, ಮರಾಠಿಯಲ್ಲಿ, ಕೊನೆಗೆ ಅಳುವ ಧ್ವನಿಯಲ್ಲಿ ಹೇಳಿದಳು.

ಮಾನಸಿ ಬೀಗ ತೆಗೆದು ಚೀಲ ಎತ್ತಿಕೊಟ್ಟಳು. ಅಕ್ಕು ಚೀಲವನ್ನು ಮಡಿಲ ಮೇಲೆ ಸುರಿದುಕೊಂಡರು. ಎಲೆಯ ಕಟ್ಟು, ಅಡಕತ್ತರಿ, ಹೊಗೆಸೊಪ್ಪಿನ ತುಂಡು, ಸುಣ್ಣದ ಡಬ್ಬಿ. ಎಲ್ಲಕ್ಕಿಂತ ಕೊನೆಗೆ, ಎರಡು ವೀಳ್ಯದೆಲೆಗಳ ನಡುವಿನಿಂದ, ಕರಡಿಗೆ.

ಅಕ್ಕು ಅದನ್ನು ಮುಟ್ಟಲಿಲ್ಲ. “ಅಯ್ಯೋ ದೇವ್ರೇ, ನನ್ನ ಹೊಗೆಸೊಪ್ಪಿನ ಒಟ್ಟಿಗೆ ಉಂಟಲ್ಲ,” ಎಂದಷ್ಟೇ ಹೇಳಿ ಎರಡೂ ಕೈ ಮೇಲೆತ್ತಿ ಕುಳಿತರು. ಕಣ್ಣು ತುಂಬಿತ್ತು.

ಕಾಶವ್ವ ಕರಡಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಮುಚ್ಚಳ ಬಿಚ್ಚಿ ನೋಡಿದಳು. ಲಿಂಗ ಇದ್ದ ಹಾಗೇ ಇತ್ತು.

“ನಾಕ್ ತಾಸು ವೀಳ್ಯದೆಲಿ ಹಾಸಿಗಿ ಮ್ಯಾಲ ಮಲಗ್ಯಾನ ಶಿವ,” ಎಂದರು ಬಸಲಿಂಗಪ್ಪ, ಬೆಳಗಿನಿಂದ ಕಳೆದುಹೋಗಿದ್ದ ಮಾತು ಮರಳಿ ಬಂದು. “ನಮ್ಮ ಮನ್ಯಾಗ ಅವಂಗ ಇಷ್ಟು ಸುಖ ಎಲ್ಲಿತ್ತು?”

“ನೀವು ಸುಮ್ಮಿರ್ರಿ,” ಎಂದಳು ಕಾಶವ್ವ. ಆದರೆ ಅವಳೇ ನಕ್ಕಳು. ಅಕ್ಕು ಕಡೆ ತಿರುಗಿ, “ಅಕ್ಕಾರ, ಕಳ್ಳರ ಕೈಗೆ ಹೋಗಲಿಲ್ಲ, ಹುಲ್ಲಾಗ ಬೀಳಲಿಲ್ಲ, ನಿಮ್ಮ ಉಡ್ಯಾಗ ಬಂದು ಕುಂತಾನ. ಇದಕ್ಕಿಂತ ಭದ್ರ ಜಾಗ ಯಾವುದೈತ್ರಿ?” ಎಂದಳು.

ಗಂಡಸರೆಲ್ಲ ಕೆಳಗಿಳಿದರು. ಒಳಗಿದ್ದ ಹೆಂಗಸರು ಕಿಟಕಿಗಳ ಪರದೆ ಎಳೆದರು. ಅಕ್ಕು ಬರಿಗಾಲಿನಲ್ಲಿ ಗುಡಿಯ ಬಾಗಿಲಿಗೆ ಹೋಗಿ, ಹೂವಿನವಳಿಂದ ಒಂದು ಬೊಗಸೆ ಬಿಲ್ವಪತ್ರೆ ತಂದುಕೊಟ್ಟು, ಪಕ್ಕದ ಸೀಟಿನಲ್ಲಿ ಕೈಮುಗಿದು ಕುಳಿತರು. ದಿಶಾ ತನ್ನ ನೀರಿನ ಬಾಟಲಿಯಿಂದ, ಕೇಳಿದಾಗಲೆಲ್ಲ ಒಂದೊಂದು ಹನಿ ಮಾತ್ರ ಬೀಳುವಂತೆ, ಕಾಶವ್ವನ ಕೈ ಮೇಲೆ ನೀರು ಹಾಕಿದಳು. ಅಂಗೈಯಲ್ಲಿ ಲಿಂಗವಿರಿಸಿಕೊಂಡ ಕಾಶವ್ವನಿಗೆ ಹೊರಗಿನ ಸದ್ದು ಕೇಳಬಾರದೆಂದು ಯೋಗೀಶ್ ರಸ್ತೆಯಲ್ಲಿ ನಿಂತು, ಹಾರ್ನ್ ಒತ್ತುತ್ತಿದ್ದ ಒಂದು ಟೆಂಪೊದವನ ಜೊತೆ ಪಿಸುದನಿಯಲ್ಲಿ ಜಗಳವಾಡುತ್ತಿದ್ದ.

ಪೂಜೆ ಮುಗಿದು, ನೀರು ಗಂಟಲಿಗಿಳಿದು, ಒಂದು ರೊಟ್ಟಿ, ಒಂದು ಮಾತ್ರೆ ಹೊಟ್ಟೆ ಸೇರಿದಾಗ ಹನ್ನೊಂದೂವರೆ. ಮಾನಸಿ ಗಡಿಯಾರ ನೋಡಿದಳು. ಅಂಬರನಾಥ ಇನ್ನೂ ಸಾಧ್ಯವಿತ್ತು. ಅವಳು ಎಲೆಯ ಚೀಲವನ್ನು ಅಕ್ಕು ಕೈಗೆ ಚಾಚಿದಳು. ಇವತ್ತಿಗೆ ನಿಯಮ ಸಾಕು ಎಂದಳು. ಅಕ್ಕು ಚೀಲವನ್ನು ತಾವೇ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಒತ್ತಿದರು.

“ಕೊನೆಯ ದೇವಸ್ಥಾನ ಆಗ್ಲಿ. ರೂಲ್ಸ್ ಅಂದ್ರೆ ರೂಲ್ಸ್.”

ಅಂಬರನಾಥದಲ್ಲಿ ಕರಿಗಲ್ಲಿನ ಗೋಡೆಯ ಮೇಲಿನ ಆನೆಗಳನ್ನೂ ನರ್ತಕಿಯರನ್ನೂ ನೋಡುತ್ತ ಎಲ್ಲರೂ ಬೇಕಾದಷ್ಟು ಹೊತ್ತು ಕಳೆದರು. ಗರ್ಭಗುಡಿ ನೆಲಮಟ್ಟಕ್ಕಿಂತ ಆಳದಲ್ಲಿದೆ. ಇಪ್ಪತ್ತು ಮೆಟ್ಟಿಲು ಇಳಿಯಬೇಕು. ಮೇಲೆ ಶಿಖರವಿಲ್ಲದ ಕಾರಣ ತಲೆಯೆತ್ತಿದರೆ ಆಕಾಶ ಕಾಣುತ್ತದೆ, ಬೆಳಕು ನೇರವಾಗಿ ಕಲ್ಲಿನ ಲಿಂಗದ ಮೇಲೆ ಬೀಳುತ್ತದೆ. ಕಾಶವ್ವ ಒಂದು ಕೈಯಿಂದ ಅಕ್ಕು ತೋಳನ್ನೂ ಇನ್ನೊಂದರಿಂದ ತನ್ನ ಎದೆಯ ಮೇಲಿನ ಕರಡಿಗೆಯನ್ನೂ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದಳು. ಹಳೆಯ ಶಿವದಾರದ ಜಾಗದಲ್ಲಿ ಮಾನಸಿಯ ಗುರುತಿನ ಚೀಟಿಯ ಪಟ್ಟಿಯಿತ್ತು. ಗಂಟು ಹಾಕಿದವಳು ದಿಶಾ, ಒಂದರ ಮೇಲೊಂದು ಐದು.

ಎರಡು ಗಂಟೆಗೆ ಆಲದ ನೆರಳಿನಲ್ಲಿ ಊಟ. ಉಳಿದ ರೊಟ್ಟಿಗೆ ಅಕ್ಕು ಮಗನ ಹೋಟೆಲಿನ ನೀರುದೋಸೆ ಜೊತೆಯಾಯಿತು. ಕಾಶವ್ವ ಹೊಟ್ಟೆ ತುಂಬ ಉಂಡು, ಬಟ್ಟಲು ತೊಳೆದು ಬಂದು ಕುಳಿತ ಮೇಲೆ ಮಾನಸಿ ಪೆಟ್ಟಿಗೆ ತೆರೆದಳು. ಅಕ್ಕು ಎಲೆಯ ತೊಟ್ಟು ಮುರಿದರು, ನಾರು ತೆಗೆದರು, ಅಡಿಕೆ ಕತ್ತರಿಸಿದರು. ಬೆಳ್ಳಿಯ ಡಬ್ಬಿಗೆ ಕೈ ಹಾಕಿದವರು ಅಲ್ಲಿಯೇ ತಡೆದರು.

“ಕಾಶವ್ವ, ಒಮ್ಮೆ ಕೊರಳು ಮುಟ್ಟಿ ನೋಡಿಕೊಳ್ಳಿ ಮಾರಾಯ್ತಿ,” ಎಂದರು. “ಆಮೇಲೆ ನಾನು ಸುಣ್ಣ ತೆಗೀತೇನೆ.”