ಟಾಲ್‌ಹೆಡ್ ಕ್ಲಬ್ಬಿನ ಕೊನೆಯ ಸಭೆ

ಟಾಲ್‌ಹೆಡ್ ಫುಟ್‌ಬಾಲ್ ಕ್ಲಬ್ಬಿನ ವಾರ್ಷಿಕ ಸಭೆಗೆ ಇಂಗೆಗೆರ್ಡ್ ಹೋದದ್ದು ಒಂದೇ ಒಂದು ಮಾತು ಆಡಲು: ‘ಇಲ್ಲ’. ಕ್ಲಬ್ ಮುಚ್ಚಬೇಕಾದರೆ ಬಂದವರೆಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ತೀರ್ಮಾನ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹಳಬರು ಬರೆದಿಟ್ಟ ಆ ನಿಯಮವನ್ನು ಅವಳು ಬೆಳಿಗ್ಗೆ ಮೂರು ಸಲ ಓದಿಕೊಂಡು ಬಂದಿದ್ದಳು.

ಮರ ಕೊಯ್ಯುವ ಮಿಲ್ಲು ನಿಂತ ಮೇಲೆ ಊರಿನಲ್ಲಿ ಆಡುವ ಹನ್ನೊಂದು ಜನ ಸಿಗುವುದೇ ಕಷ್ಟವಾಗಿತ್ತು. ಆದರೂ ಸಭೆಯ ಕೋಣೆಯ ಗೋಡೆಯ ಮೇಲೆ ೧೯೫೭ರ ತಂಡದ ಫೋಟೋ ಇತ್ತು. ಅದೊಂದು ವರ್ಷ ಈ ಅಂಗೈಯಗಲದ ಊರು ದೇಶದ ಮೊದಲ ದರ್ಜೆಯಲ್ಲಿ ಆಡಿ, ರಾಜಧಾನಿ ಸ್ಟಾಕ್‌ಹೋಮಿನ ಘಟಾನುಘಟಿಗಳಿಗೆ ಮಣ್ಣು ಮುಕ್ಕಿಸಿತ್ತು. ಗೋಲು ಕಾದವನು ಇಂಗೆಗೆರ್ಡಳ ಅಪ್ಪ. ಮರುವರ್ಷವೇ ತಂಡ ಕೆಳದರ್ಜೆಗೆ ಬಿತ್ತು. ಆ ಮಾತನ್ನು ಊರಲ್ಲಿ ಯಾರೂ ಎತ್ತುವುದಿಲ್ಲ. ಅವಳು ನಲವತ್ತೆರಡು ವರ್ಷ ತಂಡದ ಹಸಿರು ಅಂಗಿಗಳನ್ನು ಒಗೆದಿದ್ದಳು. ಅದು ಬಿಟ್ಟರೆ ಅವಳಿಗೆ ಬೇರೆ ಬದುಕೇ ಇರಲಿಲ್ಲ.

“ಬನ್ ತಂದ್ಯಾ? ನಿನ್ನ ಏಲಕ್ಕಿ ಬನ್ ಇಲ್ದೆ ನಮ್ಮ ಕ್ಲಬ್ಬು ಸಾಯೋದೂ ಇಲ್ಲ,” ಎಂದ ಅಧ್ಯಕ್ಷ ಹಿಲ್ಡಿಂಗ್.

“ನಿನ್ನ ಬಾಯಿಗೆ ಬಿಸಿ ಕಾಫಿ ಹುಯ್ಯ!” ಎಂದಳು ಅವಳು. ಯಾರೂ ನಗಲಿಲ್ಲ.

ಬಂದಿದ್ದವರು ಏಳು ಜನ. ಹಿಲ್ಡಿಂಗ್ ಒಂದೊಂದೇ ವಿಷಯ ಓದಿ, “ಸಭೆಗೆ ಒಪ್ಪಿಗೆ ಇದೆಯಾ?” ಎನ್ನುವುದು, ಎಲ್ಲರೂ “ಇದೆ” ಎನ್ನುವುದು, ಮರದ ಸುತ್ತಿಗೆ ಟಕ್ ಎನ್ನುವುದು. ಯೋಚಿಸಿ ಹೇಳುವ ಪದ್ಧತಿಯೇ ಅಲ್ಲಿಲ್ಲ. ಮೊದಲ ದನಿ ಯಾವಾಗಲೂ ಇಂಗೆಗೆರ್ಡಳದು, ತಡವಾದರೆ ಅವಳು ಮಾಡಿಟ್ಟ ಕಾಫಿ ಆರುತ್ತದೆ. ಹನ್ನೆರಡು ವಿಷಯ ಹಾಗೆಯೇ ಮುಗಿದವು. ಅವಳು ಫೋಟೋದಲ್ಲಿದ್ದ ಅಪ್ಪನ ದಪ್ಪ ಕೈಗವಸುಗಳನ್ನು ನೋಡುತ್ತಿದ್ದಳು.

“ಹದಿಮೂರು. ಕ್ಲಬ್ ವಿಸರ್ಜನೆ. ಸಭೆಗೆ ಒಪ್ಪಿಗೆ ಇದೆಯಾ?”

“ಇದೆ,” ಎಂದಿತು ಒಂದು ದನಿ, ಎಲ್ಲರಿಗಿಂತ ಮೊದಲು. ಅದು ಅವಳದೇ. ಹಿಂದೆಯೇ ಉಳಿದವರೂ ಹಾಗೆಯೇ ಅಂದರು. ಟಕ್.

“ಅಯ್ಯೋ, ತಡಿ! ನಾನು ಇಲ್ಲ ಅನ್ಬೇಕಿತ್ತು ಕಣೋ!”

“ಸುತ್ತಿಗೆ ಬಿದ್ಮೇಲೆ ಮುಗೀತಲ್ಲ, ಇಂಗೆಗೆರ್ಡ್.” ಹಿಲ್ಡಿಂಗ್ ತಲೆ ಎತ್ತಲಿಲ್ಲ.

ಪಕ್ಕದಲ್ಲಿ ಕೂತಿದ್ದ, ಪಂದ್ಯಗಳಿಗೆ ಟಿಕೆಟ್ ಹರಿದು ಕೊಡುತ್ತಿದ್ದ ಮಾಯ್‌ವೋರ್ ಅಳುತ್ತಿದ್ದಳು. “ನೀನು ಇಲ್ಲ ಅಂದ್ರೆ ನಾನೂ ಅನ್ನೋಣ ಅಂತ ಬಂದಿದ್ದೆ ಕಣೇ. ನೀನೇ ಇದೆ ಅಂದ್ಬಿಟ್ಟೆ.”

ಫೋಟೋದಲ್ಲಿದ್ದ ಅಪ್ಪನ ಕಡೆ ತಿರುಗುವ ಧೈರ್ಯ ಇಂಗೆಗೆರ್ಡಳಿಗಾಗಲಿಲ್ಲ.

“ಹದಿನಾಲ್ಕು,” ಹಿಲ್ಡಿಂಗನ ದನಿ ಸಣ್ಣಗಾಗಿತ್ತು. “ಸಭೆ ಮುಗಿಸೋದು. ಒಪ್ಪಿಗೆ ಇದೆಯಾ?”

ಎಲ್ಲರೂ ಇಂಗೆಗೆರ್ಡಳ ದನಿಗಾಗಿ ಕಾಯುತ್ತಿದ್ದರು.