ಕಂಬದಿಂದ ಹನ್ನೊಂದು ಹೆಜ್ಜೆ

ಹೊಂಗೆಣ್ಣೆ ದೀಪದ ವಾಸನೆ. ಹಂಡೆಯ ಒಲೆಗೆ ಸೌದೆ ತುರುಕುತ್ತಿದ್ದ ನೀಲಗಂಗಮ್ಮನ ಕೈ ತಡೆಯಿತು. ದಾವಣಗೆರೆ ಕಡೆಯ ಹಳ್ಳಿಯಲ್ಲಿ, ಅಜ್ಜಿಯ ಮನೆಯ ಗೋಡೆಗೂಡಿನಲ್ಲಿ ಉರಿಯುತ್ತಿದ್ದ ದೀಪದ ವಾಸನೆ ಅದು; ಸ್ವಲ್ಪ ಕಹಿ, ಸ್ವಲ್ಪ ಹೊಗೆ. ಎಷ್ಟೋ ಸಂಜೆ ಅದರ ಕೆಳಗೆ, ಅಜ್ಜಿಯ ತೊಡೆಯ ಮೇಲೆ, ಅವಳು ನಿದ್ದೆ ಹೋಗಿದ್ದಳು. ಬಸವೇಶ್ವರನಗರದ ಈ ಹೊಸ ಮನೆಗೆ ಬಂದಾಗಿನಿಂದ ಸೋಮವಾರದ ಮಧ್ಯಾಹ್ನಗಳಲ್ಲಿ ಬಚ್ಚಲ ಕಿಂಡಿಯಿಂದ ಅದು ಒಳಗೆ ಬರುತ್ತಿತ್ತು. ಎಲ್ಲಿಂದ ಎಂದು ಅವಳು ಹುಡುಕಿರಲಿಲ್ಲ. ಅಜ್ಜಿಯೇ ನೋಡಿಕೊಂಡು ಹೋಗಲು ಬರುತ್ತಾಳೆ ಎಂದುಕೊಂಡು ಸುಮ್ಮನಿದ್ದಳು.

ಈಗ ಗೊತ್ತಿತ್ತು. ಆ ದೀಪ ಹಚ್ಚುತ್ತಿದ್ದವನು ಕೈ ಮುರಿದುಕೊಂಡು ಮಲಗಿ ಇಂದಿಗೆ ಮೂರು ವಾರ. ಆದರೂ ವಾಸನೆ ಬರುತ್ತಿತ್ತು. ಇವತ್ತು ಬೆಳಿಗ್ಗೆಯೇ ಬಂದಿತ್ತು.

"ಕೋಕಿಲಾ," ಎಂದು ಕಾಂಪೌಂಡಿನಾಚೆ ಬಟ್ಟೆ ಹರವುತ್ತಿದ್ದವಳನ್ನು ಕರೆದಳು. "ಏನಾದ್ರೂ ವಾಸನೆ ಬರ್ತಿದೆಯೇನೇ?"

"ನಮ್ಮತ್ತೆ ಸೀಯಿಸಿದ ಹಾಲು ಬಿಟ್ರೆ ಇನ್ನೇನೂ ಇಲ್ಲ ಕಣ್ರೀ. ಯಾಕೆ?"

"ಏನಿಲ್ಲ ಬಿಡು."

ತಿಂಗಳ ಹಿಂದೆ ಬೀದಿಯಲ್ಲಿ ನಾಲ್ಕು ತಾಮ್ರದ ಹಂಡೆಗಳು ಹಾಡಹಗಲೇ ಕಳುವಾದ ಮೇಲೆ, ಬೀದಿಗೆ ಹಿರಿಯರಾದ ಗಂಗಾಧರಯ್ಯನವರ ವರಾಂಡದಲ್ಲಿ ಎಲ್ಲರೂ ಸೇರಿದ್ದರು. ಗಂಡಸರು ಆಫೀಸು, ಫ್ಯಾಕ್ಟರಿಗಳಿಗೆ ಹೋದ ಮೇಲೆ ಬೀದಿ ಕಾಯುವವರು ಯಾರು, ಮನೆಮನೆಗೆ ಹೋಗಿ ಸರದಿ ಗೊತ್ತುಮಾಡುವವರು ಯಾರು ಎಂದು ಗಂಗಾಧರಯ್ಯ ಕೇಳಿದಾಗ ಉಳಿದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ನಾನು ನೋಡ್ಕೋತೀನಿ," ಎಂದಳು ನೀಲಗಂಗಮ್ಮ. ಯಾರೂ ಅವಳನ್ನು ಕೇಳಿರಲಿಲ್ಲ. ಒಂದೊಂದು ಮನೆಯ ಹೆಂಗಸಿಗೆ ಒಂದೊಂದು ಗಂಟೆ. ಅನುಮಾನ ಬಂದರೆ ಜಾಗಟೆ ಹೊಡೆಯುವುದು. ಮೂಲೆಯ ಸೌದೆ ಡಿಪೋದ ಆಳುಗಳು ಓಡಿಬರುವುದು. ಜಾಗಟೆ ಅವಳ ದೇವರ ಕೋಣೆಯದೇ.

"ನೀವು ಜಾಗಟೆ ಹೊಡೆದ್ರೆ ನಮ್ಮನೆಯವರು ಪ್ರಸಾದಕ್ಕೆ ಬಟ್ಲು ಹಿಡ್ಕೊಂಡು ಬರ್ತಾರೆ ಅಷ್ಟೇ," ಎಂದು ಕೋಕಿಲಾ ನಗಿಸಿದ್ದಳು.

ಮೂರು ವಾರದ ಹಿಂದಿನ ಆ ಸೋಮವಾರ ಸರದಿ ನೀಲಗಂಗಮ್ಮನದೇ ಇತ್ತು. ಹೆಗಲಿಗೆ ಟವೆಲಿನ ಗಂಟು ಹಾಕಿಕೊಂಡಿದ್ದ ಮುದುಕನೊಬ್ಬ ಬಂದು ಲೈಟು ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಅಲ್ಲಿಂದ ಅವಳ ಮನೆಯ ಕಡೆಗೆ ಒಂದು, ಎರಡು ಎಂದು ಹೆಜ್ಜೆ ಅಳೆಯುತ್ತ, ಪಕ್ಕದ ಖಾಲಿ ಸೈಟಿನಲ್ಲಿ ನಡೆದು, ಅವಳ ಬಚ್ಚಲ ಗೋಡೆಯ ಹಿಂದೆ ಕುಕ್ಕುರು ಕೂತ. ಗೋಡೆಯ ಈಚೆ ಹಂಡೆ. ಅವಳು ಜಾಗಟೆ ಹೊಡೆದಳು.

ಮುದುಕ ಓಡಲಿಲ್ಲ. ಎದ್ದು ನಿಂತು ಕೈ ಮುಗಿದ. ಡಿಪೋದ ಆಳುಗಳು ಓಡಿಬಂದರು. "ನೋಡಿದ್ರಾ, ಒಪ್ಕೊಂಡ," ಎಂದು ಯಾರೋ ಕೂಗಿದರು. ಮೊದಲ ಏಟು ಬಿದ್ದದ್ದು ಆ ಮುಗಿದ ಕೈಗಳ ಮೇಲೆಯೇ. ಟವೆಲಿನ ಗಂಟು ಬಿಚ್ಚಿ ಕೆಳಗೆ ಸುರಿದರು. ಒಂದು ಹಣತೆ, ಹೊಂಗೆಣ್ಣೆಯ ಸೀಸೆ, ಒಂದು ತುಂಡು ರಾಗಿಮುದ್ದೆ.

ಹಾಲು ಹಾಕಲು ಬಂದ ಬೈರಪ್ಪ ಕ್ಯಾನು ಅಲ್ಲೇ ಬಿಟ್ಟು ಓಡಿಬಂದ. "ಲೇ ಬುಡ್ರಪ್ಪ. ಇವ್ನು ನಮ್ ಮರಿಯಪ್ಪ. ಸೈಟು ಆಗೋಕ್ ಮುಂಚೆ ನೀವು ನಿಂತಿರೋದೇ ಇವ್ನ ಹೊಲ. ಇವ್ನ ಅವ್ವನ್ನ ಇಲ್ಲೇ ಮಣ್ಣು ಮಾಡಿರೋದು ಕಣ್ರಪ್ಪ."

ಎಲ್ಲರೂ ಮೆಲ್ಲಗೆ ಚದುರಿದರು. ವಾರದೊಳಗೆ ಹಂಡೆಗಳು ನಾಯಂಡಹಳ್ಳಿಯ ಗೋದಾಮೊಂದರಲ್ಲಿ ಸಿಕ್ಕವು. ಕದ್ದವರು ಬೇರೆ ಯಾರೋ. "ನೀವು ಮಾಡಿದ್ದು ಸರಿಯಾಗೇ ಇತ್ತು ತಾಯಿ," ಎಂದರು ಗಂಗಾಧರಯ್ಯ. ಆ ಮಾತು ಅವಳಿಗೆ ಏಟಿಗಿಂತ ಜೋರಾಗಿ ಬಿತ್ತು.

ಈಗ ನೀಲಗಂಗಮ್ಮ ಒಲೆಯ ಸೌದೆ ಹೊರಗೆಳೆದು ನೀರು ಚಿಮುಕಿಸಿದಳು. ಸೀರೆ ಬದಲಾಯಿಸಿ ಮಾಗಡಿ ರಸ್ತೆಯಲ್ಲಿ ಬಸ್ಸು ಹಿಡಿದಳು.

ಸುಂಕದಕಟ್ಟೆಯಲ್ಲಿ ಬೈರಪ್ಪ ಹೇಳಿದ್ದ ಮನೆ ಸಿಕ್ಕಿತು. ಪಡಸಾಲೆಯ ಚಾಪೆಯ ಮೇಲೆ ಮರಿಯಪ್ಪ ಗೋಡೆಗೆ ಒರಗಿದ್ದ. ಬಲಗೈಗೆ ಮೂಳೆ ಕೂಡಿಸುವ ಪುತ್ತೂರು ಕಟ್ಟು. ಹೆಂಡತಿ ಚಿಕ್ಕಲಕ್ಷ್ಮಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವನ ಬಾಯಿಗಿಡುತ್ತಿದ್ದಳು.

"ಜಾಗಟೆ ಹೊಡೆದೋಳು ನಾನೇ," ಎಂದಳು ನೀಲಗಂಗಮ್ಮ, ಹೊಸ್ತಿಲಾಚೆಯೇ ನಿಂತು.

ಮುದುಕ ತುತ್ತು ನುಂಗಿದ. "ಗೊತ್ತು ಕನವ್ವ. ನಾನು ಯಾರ್ ಮನೇಲೋ ಮಂಗಳಾರತಿ ಆಯ್ತಾ ಅದೆ ಅಂದ್ಕಂಡೆ. ಅದಕ್ಕೇ ಕೈ ಮುಗ್ದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮೂರು ವಾರ ಆಯ್ತು, ದೀಪ ಇಲ್ಲ. ಇವತ್ತು ನಾನು ಹಚ್ಚಲಾ? ನೀವು ಬೇಡ ಅಂದ್ರೆ ಬೇಡ," ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಚಿಕ್ಕಲಕ್ಷ್ಮಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಿಮ್ ಬಚ್ಚಲ್ ಮೋರಿ ಕಟ್ಕಂಡ್ರೆ ಅತ್ತೆಮ್ಮನ ಮೇಲೇ ನೀರು ನಿಲ್ತದೆ," ಎಂದಳು. "ವಾರವಾರ ಕಡ್ಡಿ ಆಡ್ಸಿ ಬಿಡುಸ್ತಿದ್ದೋರು ಇವ್ರೇಯ. ಈಗ ನಿಂತಿರ್ಬೇಕು."

ನಿಂತಿತ್ತು. ಮೂರು ವಾರದಿಂದ. ಅದುವರೆಗೆ ಮೋರಿ ಬಿಡಿಸುತ್ತಿದ್ದವರು ತನ್ನ ಗಂಡ ಎಂದೇ ನೀಲಗಂಗಮ್ಮ ತಿಳಿದಿದ್ದಳು.

"ಅದನ್ನೂ ಬಿಡಿಸ್ತೀನಿ," ಎಂದಳು.

ಚಿಕ್ಕಲಕ್ಷ್ಮಮ್ಮ ಎದ್ದು ತಟ್ಟೆಯೊಂದಿಗೆ ಒಳಗೆ ಹೋದಳು. ಅವಳ ಹಿಂದೆ ಒಳಬಾಗಿಲು ಮುಚ್ಚಿಕೊಂಡಿತು.

"ಕಂಬ ಇರೋ ಜಾಗದಾಗೆ ನಮ್ ಹುಣಸೆಮರ ಇತ್ತು," ಎಂದ ಮರಿಯಪ್ಪ, ಮೆಲ್ಲಗೆ. "ಅಲ್ಲಿಂದ ಹನ್ನೊಂದು ಹೆಜ್ಜೆ. ಅದು ನನ್ ಲೆಕ್ಕ. ನಿಮ್ ಹೆಜ್ಜೇಲಿ ಹದಿಮೂರು ಆಗ್ಬೋದು."

ಅವಳು ಕಾದಳು. ಒಳಬಾಗಿಲು ತೆರೆಯಲಿಲ್ಲ. ಮರಿಯಪ್ಪನಿಗೆ ಕೈ ಮುಗಿಯಲು ಹೋಗಿ, ಅರ್ಧಕ್ಕೇ ಕೈ ಇಳಿಸಿ, ಮೆಟ್ಟಿಲಿಳಿದಳು. ಬೀದಿಯ ಬೇವಿನ ಮರ ದಾಟಿದಾಗ ಹಿಂದೆ ಬಳೆಯ ಸದ್ದಾಯಿತು.

ಚಿಕ್ಕಲಕ್ಷ್ಮಮ್ಮ ಏದುಸಿರು ಬಿಡುತ್ತ ಬಂದು ಎದುರಿಗೆ ನಿಂತಳು. ಕೈಯಲ್ಲಿ ಅದೇ ಟವೆಲು, ಒಗೆದು ಮಡಿ ಮಾಡಿದ್ದು. ಒಂದು ತುದಿಯಲ್ಲಿ ಹೊಂಗೆಣ್ಣೆಯ ಸೀಸೆ, ಪಕ್ಕದಲ್ಲಿ ಎಡೆಗೆಂದು ಅಂಗೈಯಗಲದ ಎಲೆಯ ಪೊಟ್ಟಣ. ಇನ್ನೊಂದು ತುದಿಯಲ್ಲಿ ಒಬ್ಬರ ಊಟದಷ್ಟು ದೊಡ್ಡ ಪೊಟ್ಟಣ.

ಅದನ್ನು ಕೈಗಿಟ್ಟು ಹಿಂತಿರುಗಿದಳು. ದೊಡ್ಡದು ಇನ್ನೂ ಬಿಸಿಯಾಗಿತ್ತು.