ಎಲ್ಲ ಎಮ್ಮೆಗೂ ಒಂದೊಂದು ಪಾಲು

"ಹಗ್ಗ ಬಿಗಿ ಹಿಡಿ! ಇದಕ್ಕೂ ಒಂದೀಟು ಚುಚ್ಚಿಬಿಡೂಣು!"

ಗಬ್ಬೂರಿನ ಹುಲಗಪ್ಪನ ಕೊಟ್ಟಿಗೆಯಲ್ಲಿ ಬೆಳಗಿನ ಗಡಿಬಿಡಿ. ಕೆಚ್ಚಲು ಬಾತದ್ದು ಒಂದೇ ಎಮ್ಮೆಗೆ. ಆದರೆ ಅಂಗಡಿಯಿಂದ ತಂದ ಪೆನ್ಸಿಲಿನ್ ಸೀಸೆಯನ್ನು ಅದೊಂದಕ್ಕೇ ಮುಗಿಸುವುದು ಅವನಿಗೆ ಅನ್ಯಾಯವೆನಿಸುತ್ತಿತ್ತು. ಹಬ್ಬದ ಹೋಳಿಗೆ ಹಂಚಿದಂತೆ ಎಲ್ಲ ಎಮ್ಮೆಗೂ ಒಂದೊಂದು ಪಾಲು. ಬೇನೆ ಇದ್ದದ್ದಕ್ಕೆ ಇಳಿಯಲಿ, ಇಲ್ಲದ್ದಕ್ಕೆ ಬರದಿರಲಿ. ಬಾವು ತುಸು ಇಳಿದರೆ ಔಷಧಿ ನಿಂತಿತು; ಮತ್ತೆ ಬಾತರೆ ಮತ್ತೆ ಪಾಲು. ವರ್ಷಗಳಿಂದ ಇದೇ ಪದ್ಧತಿ.

"ದನದ ದವಾಖಾನಿಗೆ ಹೊಡಕೊಂಡ ಹೋಗಬಾರದೇನ್ರೀ?" ಎಂದಳು ಹೆಂಡತಿ ಶೇವಂತೆವ್ವ. ಹಾಲು ಹಿಂಡುವವಳು ಅವಳೇ. ಅವಳ ಬಲಗೈ ಬೆರಳು ಒಡೆದು ಕೆಂಪಾಗಿತ್ತು.

"ನಾ ಅಲ್ಲಿ ಹೋಗಿ ನಿಂತರ ಗಿರಾಕಿಗೆ ಹಾಲು ನಿಮ್ಮಪ್ಪ ಹಾಕತಾನೇನು? ಅವರು ಮಾಡೂದೂ ಇದನ್ನ. ತಾ, ನಿನಗೂ ಹಾಕತೇನಿ."

"ನಾ ಏನು ಎಮ್ಮಿ ಏನ್ರೀ?" ನಕ್ಕಳು. ಆದರೂ ತೋಳು ಒಡ್ಡಿದಳು.

ಮರುದಿನ ಕೈ ಬಾತು ಕುಂಬಳಕಾಯಿಯಾಯಿತು. ಹುಲಗಪ್ಪ ಮತ್ತೆ ಚುಚ್ಚಿದ. ಬಾವು ಇಳಿಯಲಿಲ್ಲ, ಏರಿತು. ಕೆಂಪು ಗೆರೆಯೊಂದು ಮೊಣಕೈ ದಾಟಿ ಕಂಕುಳಿನತ್ತ ಹೊರಟಿತ್ತು. ಶೇವಂತೆವ್ವ ಜ್ವರದಿಂದ ಗಡಗಡ ನಡುಗುತ್ತಿದ್ದಳು. ಅವನು ಮೂರನೆಯ ಸಲ ಸೂಜಿ ಎತ್ತಿದಾಗ ನೆರೆಮನೆಯ ಟಾಂಗಾವಾಲಾ ಕಮರುದ್ದೀನ ಅದನ್ನು ಕಸಿದುಕೊಂಡ.

"ಸಾಕ ಮಾಡೋ, ಹುಚ್ಚಾ! ತಂಗಿನ್ನ ಎತ್ತು, ಟಾಂಗಾ ಹೂಡೇನಿ. ಲಗೂ!"

ಹುಬ್ಬಳ್ಳಿಯ ರಸ್ತೆಯಲ್ಲಿ ಕುದುರೆ ಹಾರಿತು. ಗಾಡಿಗಳು ಸರಿದವು, ಸೈಕಲ್ಲುಗಳು ಹಳ್ಳಕ್ಕಿಳಿದವು, ಯಾರೋ ಬೈದರು, ಕಮರುದ್ದೀನ ಅದಕ್ಕಿಂತ ಜೋರಾಗಿ ಬೈದ. ಹುಲಗಪ್ಪ ಹೆಂಡತಿಯ ತಲೆಯನ್ನು ಎದೆಗೊತ್ತಿಕೊಂಡು ಕೂತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರ್ ಶಾಂತಯ್ಯ ಕೀವು ತೆಗೆದರು, ತುಸು ಕೀವನ್ನು ಪರೀಕ್ಷೆಗೆ ಕಳಿಸಿದರು. ಹುಲಗಪ್ಪ ಹೇಳಿದ್ದನ್ನೆಲ್ಲ ಕೇಳಿ, ಪೆನ್ಸಿಲಿನ್ ಬಿಟ್ಟು ಬೇರೆ ಔಷಧಿ ಶುರುಮಾಡಿದರು. ಮರುದಿನ ಅವನನ್ನು ಕಿಟಕಿಯ ಬಳಿಗೆ ಕರೆದರು. ಅವರ ಕೈಯಲ್ಲಿ ಚಪ್ಪಟೆ ಗಾಜಿನ ತಟ್ಟೆ, ಅದರೊಳಗೆ ಔಷಧಿಯಲ್ಲಿ ನೆನೆಸಿದ ಎರಡು ಪುಟ್ಟ ಕಾಗದದ ಬಿಲ್ಲೆ.

"ಈ ಬಿಳೇ ಚುಕ್ಕಿ ನೋಡ್ರಿ. ನಿಮ್ಮ ಮನಿಯವರ ಕೀವಿನಾಗಿನ ಹುಳ. ಈ ಬಿಲ್ಲಿಯೊಳಗ ನಾ ಈಗ ಕೊಟ್ಟ ಔಷಧಿ ಐತಿ. ಸುತ್ತ ಎಲ್ಲಾ ಸತ್ತು ಬಯಲಾಗೇತಿ. ಇನ್ನ ಇದು ಪೆನ್ಸಿಲಿನ್."

ಹುಲಗಪ್ಪ ಬಗ್ಗಿದ. ಆ ಬಿಲ್ಲೆಯ ಅಂಚಿನವರೆಗೂ ಚುಕ್ಕಿಗಳು ಒತ್ತೊತ್ತಾಗಿ ಮುತ್ತಿದ್ದವು.

"ಇವು ಹೆದರೇ ಇಲ್ಲಲ್ರೀ!"

"ಯಾಕ ಹೆದರ್ತಾವ? ಹುಳ ಪೂರಾ ಸಾಯದಂಗ ಚೂರಚೂರ ಔಷಧಿ ಕೊಟ್ಟು, ಗರಡಿಮನ್ಯಾಗ ಪೈಲ್ವಾನರನ್ನ ತಯಾರ ಮಾಡಿದಂಗ ಮಾಡೀರಿ. ಕೆಚ್ಚಲದಾಗ ಬೆಳದದ್ದು ಒಡದ ಬೆರಳಿನ್ಯಾಗ ಹೊಕ್ಕಿರಬೇಕು."

"ಸಾಹೇಬ್ರ, ದನದ ದವಾಖಾನಿ ದೂರ ರೀ. ಒಂದ ಹೊತ್ತು ಹಾಲು ತಪ್ಪಿದ್ರ ಗಿರಾಕಿ ಬ್ಯಾರೆ ಮನಿ ಹಿಡೀತಾರ."

"ಖರೇ, ದೂರ ಐತಿ," ಶಾಂತಯ್ಯ ಅಲ್ಲಗಳೆಯಲಿಲ್ಲ. "ಆದ್ರ ಇವು ನಾಳೆ ಈ ಇನ್ನೊಂದು ಔಷಧಿಗೂ ಪಳಗಿದ್ರ, ನನ್ನ ಕೈಯಾಗೂ ಏನೂ ಉಳಿಯೂದಿಲ್ಲ."

ಜ್ವರ ಇಳಿದ ದಿನ ಶೇವಂತೆವ್ವ ಕಣ್ಣು ತೆರೆದು ಕೇಳಿದ ಮೊದಲ ಮಾತು: "ಎಮ್ಮಿ ಯಾರ ಹಿಂಡ್ಯಾರ?"

"ನಾನ."

"ಒದಿಸಿಕೊಂಡ್ರೇನು?"

"ಎರಡೂ ಕಾಲಿಂದ!"

ಅವಳು ನಕ್ಕಳು. ಹುಲಗಪ್ಪ ಕುಣಿಯುವುದೊಂದು ಬಾಕಿ!

ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ವಾರದಲ್ಲೇ, ಇನ್ನೊಬ್ಬ ಹಾಲಿನವ ಮೈಲಾರಪ್ಪ ಬೆಳಗ್ಗೆ ಬೇಲಿಯಾಚೆಯಿಂದ ಕೂಗಿದ.

"ಹುಲಗಪ್ಪಾ, ನನ್ನ ಎಮ್ಮಿ ಕೆಚ್ಚಲ ಕಲ್ಲಾಗೇತಿ. ಬಾ, ಚೂರು ಹಾಕಿ ಹೋಗು."

ಹುಲಗಪ್ಪ ಬಂದ, ಕೆಚ್ಚಲು ಮುಟ್ಟಿ ನೋಡಿದ, ಗೂಟದಿಂದ ಹಗ್ಗ ಬಿಚ್ಚಿದ.

"ಎಲ್ಲಿಗೋ?"

"ದನದ ದವಾಖಾನಿಗೆ."

"ಈಗ? ಗಿರಾಕಿ ಬರೂ ಹೊತ್ತಿನ್ಯಾಗ? ಯಾಕ, ಹೆದರಿದ್ಯಾ?"

"ಹೂಂ, ಹೆದರೇನಿ." ಹುಲಗಪ್ಪ ಎಮ್ಮೆಯನ್ನು ದಾರಿಯತ್ತ ತಿರುಗಿಸಿದ. "ಇದನ್ನ ಹಿಂಡಾಕಿ ನಿನ್ನ ಹೆಂಡ್ತಿ ಅಲ್ಲೇನು?"

ಮೈಲಾರಪ್ಪ ಒಮ್ಮೆ ಅಡುಗೆಮನೆಯ ಬಾಗಿಲತ್ತ ನೋಡಿದ. ಆಮೇಲೆ ತಲೆಗೆ ರುಮಾಲು ಸುತ್ತಿಕೊಳ್ಳುತ್ತ ಎಮ್ಮೆಯ ಹಿಂದೆ ಓಡಿದ.